ಎಕ್ಸ್ ಈಚೆ ಬಂದ್ರೆ ಮೈನಸ್ ಆಗುದು ಎಂತಕ್ಕೆ? ಗ್ರಾಫಿನಲ್ಲಿ ತೋರಿಸ್ಲಿಕ್ಕೆ ಆಗ್ತದಾ?

ಕಟಪಾಡಿ ಅಮ್ಮ:
ಮಗಳು ಎಂಟನೇ ಕ್ಲಾಸು. ನಿನ್ನೆ ರಾತ್ರಿ 3ಎಕ್ಸ್ + 5 = ಎಕ್ಸ್ + 13 ಬಿಡಿಸ್ತಾ ಇದ್ದಳು. ಉತ್ತರ 4 ಅಂತ ಸರಿಯೇ ಬಂತು. ಆಮೇಲೆ ಪೆನ್ಸಿಲ್ ಕೆಳಗಿಟ್ಟು, "ಆಚೆಯ ಎಕ್ಸ್ ಈಚೆ ಬಂದ್ರೆ ಮೈನಸ್ ಆಗುದು ಎಂತಕ್ಕೆ ಅಮ್ಮ?" ಅಂತ ಕೇಳಿದಳು. ನಂಗೂ ಶಾಲೆಯಲ್ಲಿ ಹಾಗೇ ಬಾಯಿಪಾಠ ಮಾಡಿಸಿದ್ದು, ಕಾರಣ ಯಾರೂ ಹೇಳಿರ್ಲಿಲ್ಲ.

ನಾನು ಬೀಡಿ ಕಟ್ಟುವವಳು. ನಂಗೆ ಗೊತ್ತಿರುವ ಲೆಕ್ಕದಲ್ಲೇ ಹೇಳಿದೆ. ಅಜ್ಜಿಯ ತಡ್ಪೆಯಲ್ಲಿ (ಮೊರದಲ್ಲಿ) ಆಗಲೇ 13 ಕಟ್ಟು ಉಂಟು, ಆದ್ರೆ ಕಣ್ಣು ಮಂಜು, ಗಂಟೆಗೆ ಒಂದೇ ಕಟ್ಟು ಆಗುದು. ನನ್ನ ತಡ್ಪೆಯಲ್ಲಿ 5, ಗಂಟೆಗೆ 3 ಕಟ್ಟು ಸೇರ್ತದೆ. ಯಾವಾಗ ಸಮ ಆಗ್ತದೆ? ಅವಳು ಗ್ರಾಫ್ ಹಾಳೆಯಲ್ಲಿ ಎರಡು ಗೆರೆ ಎಳೆದು, 4 ಗಂಟೆ, 17 ಕಟ್ಟು ಇರುವಲ್ಲಿ ಬೆರಳಿಟ್ಟಳು. ಅಲ್ಲಿವರೆಗೆ ಸರಿ. ಈ ಗೆರೆಗಳಿಗೂ ಪುಸ್ತಕದಲ್ಲಿ ಒಂದರ ಕೆಳಗೊಂದು ಬರೆಯುವ ಸಾಲುಗಳಿಗೂ ಎಂತ ಸಂಬಂಧ ಅಂತ ಇಬ್ಬರಿಗೂ ತಿಳೀಲಿಲ್ಲ. ಗೊತ್ತಿದ್ದವರು ಹೇಳಿ.

ನಿವೃತ್ತ ಮಾಷ್ಟ್ರು, ಉಡುಪಿ:
ಅಮ್ಮ, ನಿಮ್ಮ ತಡ್ಪೆಯಲ್ಲೇ ಉತ್ತರ ಉಂಟು. ಎಕ್ಸ್ ಎಲ್ಲಿಗೂ ಹೋಗುವುದೂ ಇಲ್ಲ, ಬರುವುದೂ ಇಲ್ಲ. ಎರಡೂ ಬದಿಯಿಂದ ಅಷ್ಟಷ್ಟೇ ತೆಗೆಯುತ್ತೇವೆ.

ಇಬ್ಬರ ತಡ್ಪೆಯಿಂದಲೂ ಗಂಟೆಗೊಂದು ಕಟ್ಟು ತೆಗೆದಿಡಿ. ಅಜ್ಜಿಯದ್ದು 13ರಲ್ಲೇ ನಿಂತಿತು, ಅವರ ಗೆರೆ ಅಡ್ಡ ಮಲಗಿತು. ನಿಮ್ಮದು ಗಂಟೆಗೆ 2ರಂತೆ ಏರುತ್ತದೆ. ಇದೇ 2ಎಕ್ಸ್ + 5 = 13 ಎಂಬ ಸಾಲು. ಈಗ ಗೆರೆಗಳು ಕೂಡುವುದು 17ರಲ್ಲಿ ಅಲ್ಲ, 13ರಲ್ಲಿ. ಆದರೆ ಅದೇ 4ನೇ ಗಂಟೆಯ ನೇರಕ್ಕೆ. ಸಮ ಇದ್ದ ಹೊತ್ತಿನಲ್ಲಿ ಇಬ್ಬರಿಂದಲೂ ಅಷ್ಟೇ ತೆಗೆದರೆ ಉಳಿದದ್ದೂ ಸಮ. ಸಮ ಇಲ್ಲದ ಹೊತ್ತಿನಲ್ಲಿ ಇದ್ದ ವ್ಯತ್ಯಾಸ ಹಾಗೇ ಇರುತ್ತದೆ, ಹಾಗಾಗಿ ಬೇರೆ ಗಂಟೆಯಲ್ಲಿ ಗೆರೆಗಳು ಕೂಡಲಾರವು. ಇನ್ನು ಇಬ್ಬರಿಂದಲೂ 5 ತೆಗೆಯಿರಿ: 2ಎಕ್ಸ್ = 8, ಬಿಂದು 8ಕ್ಕೆ ಇಳಿಯಿತು. ಅರ್ಧ ಮಾಡಿ: ಎಕ್ಸ್ = 4, ಬಿಂದು 4ಕ್ಕೆ ಬಂತು. ಪ್ರತಿ ಸಾಲಿಗೂ ಗೆರೆಗಳು ಬೇರೆ, ಎತ್ತರ ಬೇರೆ, ಗಂಟೆ ಮಾತ್ರ ಅದೇ.

ಸಮೀಕರಣ ಮತ್ತು ಗೆರೆಯ ಈ ನಂಟನ್ನು ಫ್ರಾನ್ಸಿನ ಗಣಿತಜ್ಞ ಡೇಕಾರ್ಟ್ 1637ರಲ್ಲೇ ಪುಸ್ತಕ ಮಾಡಿ ತೋರಿಸಿದ್ದ. ನಾನು ಮಾತ್ರ ಬೀಜಗಣಿತ ಒಂದು ತಿಂಗಳು, ಗ್ರಾಫ್ ಇನ್ನೊಂದು ತಿಂಗಳು ಎಂದು ಬೇರೆಬೇರೆಯಾಗಿಯೇ ಪಾಠ ಮಾಡಿದೆ. ಅದಕ್ಕೆ ಈಗಲೂ ಬೇಸರ ಉಂಟು.

ಸುರತ್ಕಲ್ ಹುಡುಗ:
ಅಕ್ಕ, ಮಾಷ್ಟ್ರು ಹೇಳಿದ್ದಕ್ಕೆ ಇಷ್ಟು ಸೇರಿಸ್ತೇನೆ. ಅಜ್ಜಿಯೂ ಗಂಟೆಗೆ 3 ಕಟ್ಟಿದ್ರೆ? ಗೆರೆಗಳು ಸಮಾಂತರ. ಎರಡೂ ಬದಿಯಿಂದ 3ಎಕ್ಸ್ ತೆಗೆದ್ರೆ 5 = 13 ಅಂತ ಉಳೀತದೆ, ಮಲಗಿದ ಎರಡು ಗೆರೆ, ಎಂದೂ ಕೂಡುದಿಲ್ಲ. ಉತ್ತರ ಇಲ್ಲ ಅಂದ್ರೆ ಇದೇ. ಮತ್ತೆ ಎರಡೂ ಬದಿಯನ್ನು ಸೊನ್ನೆಯಿಂದ ಗುಣಿಸ್ಲಿಕ್ಕೆ ಇಲ್ಲ. ಎರಡೂ ಗೆರೆ ಎಕ್ಸ್ ಅಕ್ಷದ ಮೇಲೆ ಬಿದ್ದು ಒಂದೇ ಆಗಿಬಿಡ್ತವೆ, 4 ಎಲ್ಲಿತ್ತು ಅಂತ ಗುರುತೇ ಸಿಗುದಿಲ್ಲ. ಮೊಬೈಲಿನಲ್ಲಿ ಜಿಯೊಜೀಬ್ರಾ ಅಂತ ಗ್ರಾಫ್ ಎಳೆಯುವ ಆ್ಯಪ್ ಹಾಕಿ ನೋಡಿ, ದುಡ್ಡು ಕೊಡ್ಲಿಕ್ಕಿಲ್ಲ.

ಕಟಪಾಡಿ ಅಮ್ಮ:
ಮಾಷ್ಟ್ರೇ, ಇವತ್ತು ಸಂಜೆ ಬ್ರಾಂಚಿಗೆ ಬೀಡಿ ಕೊಟ್ಟು ಬಂದು ಮಗಳ ಜೊತೆ ಕೂತೆ. ಒಂದೇ ಹಾಳೆಯಲ್ಲಿ ನಾಲ್ಕು ಜೋಡಿ ಗೆರೆ, ಬೇರೆ ಬೇರೆ ಬಣ್ಣದ ಸ್ಕೆಚ್ ಪೆನ್ನಿನಲ್ಲಿ. ಆದ್ರೆ ಅವಳು ನೀವು ಹೇಳಿದ ಹಾಗೆ ಮಾಡ್ಲಿಲ್ಲ, ಮೊದಲು 5 ತೆಗೆದಳು. 3ಎಕ್ಸ್ = ಎಕ್ಸ್ + 8 ಆಯ್ತು, ಬಿಂದು 12ಕ್ಕೆ ಬಂತು. ಎಲ್ಲಿ ತಪ್ಪಿತೋ ಅಂತ ನಂಗೆ ಗಾಬರಿ. ಅವಳು ಸುಮ್ಮನೆ ಮುಂದಿನ ಸಾಲು ಬರೆದು ಎಕ್ಸ್ ತೆಗೆದಳು, 8ಕ್ಕೆ ಇಳೀತು, ಆಮೇಲೆ 4. ಕೊನೆಗೆ ಸ್ಕೇಲ್ ಇಟ್ಟು ನಾಲ್ಕೂ ಬಿಂದುಗಳನ್ನು ಮೇಲಿಂದ ಕೆಳಗೆ ಸೇರಿಸಿ ಗೀಟು ಹಾಕಿದಳು. "ಅಮ್ಮ, ಯಾವುದನ್ನು ಮೊದಲು ತೆಗೆದ್ರೂ ಈ ಗೀಟು ಬಿಟ್ಟು ಆಚೀಚೆ ಹೋಗುದಿಲ್ಲ" ಅಂದಳು.