ದಕ್ಷಿಣ ಆಫ್ರಿಕದ ‘ಪಾಸ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರಿಗೆಲ್ಲ ನಮಸ್ಕಾರ.

ಪಿಯುಸಿ ಮಕ್ಕಳಿಗಾಗಿ ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯ ಮೇಲೆ ಒಂದು ಪುಸ್ತಿಕೆ ಬರೆಯುತ್ತಿದ್ದೇನೆ. ‘ಪಾಸ್’ ಎಂಬಲ್ಲಿಗೆ ಬಂದು ಕೈ ನಿಂತಿದೆ.

ನಮ್ಮ ಮಕ್ಕಳಿಗೆ ಪಾಸು ಅಂದರೆ ಬಸ್ ಪಾಸು, ಇಲ್ಲವೇ ಪರೀಕ್ಷೆಯಲ್ಲಿ ಪಾಸು. ಎರಡೂ ಸಿಕ್ಕರೆ ಖುಷಿ. ಅಲ್ಲಿ ಹಾಗಲ್ಲ. ಅದು ಸರ್ಕಾರ ಕೊಡುತ್ತಿದ್ದ ಒಂದು ಪುಸ್ತಕ. 16 ವರ್ಷ ತುಂಬಿದ ಪ್ರತಿ ಕಪ್ಪು ಆಫ್ರಿಕನ್ನನೂ ಅದನ್ನು ಸದಾ ಜೊತೆಯಲ್ಲಿಟ್ಟುಕೊಂಡೇ ಓಡಾಡಬೇಕಿತ್ತು. ಒಳಗೆ ಅವನ ಫೋಟೊ, ಧಣಿಯ ಹೆಸರು, ತಿಂಗಳು ತಿಂಗಳೂ ಆ ಧಣಿಯ ರುಜು, ತೆರಿಗೆ ಕಟ್ಟಿದ ಗುರುತು, ನಗರದಲ್ಲಿರಲು ಲೇಬರ್ ಬ್ಯೂರೋದ (ಕೆಲಸಗಾರರ ಸರ್ಕಾರಿ ಕಚೇರಿಯ) ಮೊಹರು. ಅನುಮತಿ ಇಲ್ಲದೆ 72 ಗಂಟೆ ಮೀರಿ ನಗರದಲ್ಲಿ ಉಳಿಯುವಂತಿಲ್ಲ. ಅಲ್ಲೇ ಹುಟ್ಟಿ ಊರು ಬಿಡದೆ ಬೆಳೆದವರಿಗೆ, ಒಬ್ಬನೇ ಧಣಿಯ ಕೈಕೆಳಗೆ ಸತತ 10 ವರ್ಷ ದುಡಿದವರಿಗೆ, ಇಲ್ಲವೇ 15 ವರ್ಷ ಕಾನೂನು ಪ್ರಕಾರ ಅಲ್ಲಿದ್ದವರಿಗೆ, ಅಂಥವರ ಹೆಂಡತಿ ಮಕ್ಕಳಿಗೆ ಮಾತ್ರ ವಿನಾಯಿತಿ. 10 ವರ್ಷ ತುಂಬುವ ತನಕ ಧಣಿ ಎಷ್ಟೇ ಕಾಡಿದರೂ ಕೆಲಸ ಬಿಡಲು ಯಾರಿಗೆ ಧೈರ್ಯ ಬಂದೀತು? ತಪಾಸಣೆಯಲ್ಲಿ ಸಿಕ್ಕಿಬಿದ್ದು ವರ್ಷಕ್ಕೆ ಲಕ್ಷಗಟ್ಟಲೆ ಜನ ಜೈಲಿಗೆ ಹೋದರು.

‘ಗುರುತಿನ ಚೀಟಿ’ ಎಂದು ಬರೆದರೆ ಇದೆಲ್ಲ ಮರೆಯಾಗುತ್ತದೆ. ಗುರುತಿನ ಚೀಟಿ ಬಿಳಿಯರಿಗೂ ಇತ್ತು, ಆದರೆ ತಮ್ಮದೇ ನೆಲದಲ್ಲಿ ಓಡಾಡಲು ಅವರು ಯಾರ ಅಪ್ಪಣೆಯನ್ನೂ ಕೇಳಬೇಕಿರಲಿಲ್ಲ. ನನ್ನ ಒಲವು ‘ರಹದಾರಿ’ಯ ಕಡೆಗೆ. ದಾರಿಯಲ್ಲಿ ಹೋಗುವವನು ಅಪ್ಪಣೆ ಪಡೆದಿರಬೇಕು ಎಂಬ ಅರ್ಥ ಅದರಲ್ಲೇ ಇದೆ. ಈಗ ಅದು ಆರ್‌ಟಿಒ ಕಚೇರಿಯಲ್ಲಿ ಲಾರಿ ಬಸ್ಸುಗಳಿಗೆ ಕೊಡುವ ಪರ್ಮಿಟ್ಟಾಗಿ ಉಳಿದಿದೆ, ಅದೊಂದೇ ಅಳುಕು.

ಇನ್ನೊಂದು ತೊಡಕು 1952ರ ಕಾಯ್ದೆಯ ಹೆಸರು. ಪಾಸುಗಳನ್ನು ‘ರದ್ದುಪಡಿಸುವ’ ಕಾಯ್ದೆ ಎಂದೇ ಅದನ್ನು ಕರೆದರು, ಮಾಡಿದ್ದು ಮಾತ್ರ ಹಲವು ಬಗೆಯ ಹಳೆ ಕಾಗದಗಳನ್ನು ಒಂದೇ ಪುಸ್ತಕಕ್ಕೆ ಸೇರಿಸಿ ಮೊದಲು ಗಂಡಸರ ಮೇಲೆ, ಆಮೇಲೆ ಹೆಂಗಸರ ಮೇಲೂ ಹೇರಿದ್ದು. ಹೆಸರನ್ನು ಹಾಗೇ ಕನ್ನಡಿಸಿ ಕೆಳಗೆ ಟಿಪ್ಪಣಿ ಕೊಡುತ್ತೇನೆ, ಇಲ್ಲದಿದ್ದರೆ ಅಚ್ಚಿನ ತಪ್ಪು ಅಂದುಕೊಂಡಾರು.

ಇನ್ನು ನಗರದಿಂದ ಹೊರಹಾಕುವ ಮಾತು. ಅಧಿಕಾರಿ ಆ ಪುಸ್ತಕದಲ್ಲೇ ಮುದ್ರೆಯೊತ್ತಿ, ಇಷ್ಟರೊಳಗೆ ಊರು ಬಿಡು ಎಂದು ಬರೆಯುತ್ತಿದ್ದ. ಇಂಗ್ಲಿಷಿನಲ್ಲಿ ಅದನ್ನು ‘ಎಂಡಾರ್ಸ್ ಔಟ್’ ಎನ್ನುತ್ತಿದ್ದರು. ನಮ್ಮ ತಾಲ್ಲೂಕು ಕಚೇರಿಯ ‘ಹಿಂಬರಹ’ ಇದಕ್ಕೆ ಚೆನ್ನಾಗಿ ಹೊಂದುತ್ತದೆ ಅನ್ನಿಸುತ್ತದೆ. ‘ಹಿಂಬರಹ ಕೊಟ್ಟು ಕಳಿಸಿದರು’ ಅಂದರೆ ಕೆಲಸ ಆಗಲಿಲ್ಲವೆಂದು ಅಲೆದವರಿಗೆಲ್ಲ ಗೊತ್ತು. ‘ಹಿಂಬರಹ ಹಾಕಿ ಊರು ಬಿಡಿಸಿದರು’ ಎಂದರೆ ಸರಿಯೇ? ‘ಗಡೀಪಾರು’ ಬೇಡ. ಅದು ಅಪರಾಧಿಗೆ ಕೊಡುವ ಶಿಕ್ಷೆ, ಇವರು ಮಾಡಿದ ತಪ್ಪೇನು?

ಕೊನೆಯದು ‘ಡೊಂಪಾಸ್’, ಅದಕ್ಕೆ ಜನ ಇಟ್ಟ ಹೆಸರು. ಆಫ್ರಿಕಾನ್ಸ್‌ನಲ್ಲಿ (ಅಲ್ಲಿನ ಡಚ್ ಮೂಲದ ಭಾಷೆ) ‘ಡೊಂ’ ಎಂದರೆ ದಡ್ಡ. ‘ದಡ್ಡ ಪಾಸು’ ಎಂದರೆ ಸಿಟ್ಟು ಆರಿಹೋಗುತ್ತದೆ. 1956ರ ಆಗಸ್ಟ್ 9ರಂದು ಸುಮಾರು 20,000 ಹೆಂಗಸರು ಪ್ರಿಟೋರಿಯಾದ ಸರ್ಕಾರಿ ಸೌಧಕ್ಕೆ ನಡೆದದ್ದು ತಮಗೂ ಇದು ಬೇಡವೆಂದು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಜನ ಪಾಸಿಲ್ಲದೆ ಠಾಣೆಯ ಮುಂದೆ ಸೇರಿದ್ದು ‘ನಮ್ಮನ್ನು ಹಿಡಿದು ಒಳಗೆ ಹಾಕಿ’ ಎಂದು. ಪೊಲೀಸರ ಗುಂಡಿಗೆ 69 ಮಂದಿ ಸತ್ತರು. ಅವರ ಬಾಯಲ್ಲಿ ಇದ್ದಿರಬಹುದಾದ ಮಾತು ನಮ್ಮ ‘ಹಾಳು ಪಾಸು’, ‘ದರಿದ್ರ ಪಾಸು’ ಥರದ್ದು. ನನಗೆ ‘ದರಿದ್ರ ಪಾಸು’ ಹಿಡಿಸಿದೆ, ಆದರೆ ಶೀರ್ಷಿಕೆಯಲ್ಲಿ ‘ರಹದಾರಿ’ ಇಟ್ಟು ಇಲ್ಲಿ ‘ಪಾಸು’ ಅಂದರೆ ಮಕ್ಕಳಿಗೆ ಗೊಂದಲವಾದೀತೇ?

ಹೈದರಾಬಾದ್ ಕರ್ನಾಟಕ, ಹಳೇ ಮೈಸೂರು ಕಡೆಯ ಹಳೆಯ ದಫ್ತರಗಳನ್ನು ನೋಡಿದವರು, ಮನುಷ್ಯರ ಓಡಾಟಕ್ಕೆ ‘ರಹದಾರಿ’ ಬಳಸಿದ್ದು ಕಂಡಿದ್ದರೆ ದಯವಿಟ್ಟು ಆ ವಾಕ್ಯವನ್ನೇ ಇಲ್ಲಿ ಹಾಕಿ. ಬೇರೆ ಪದ ಹೊಳೆದರೂ ಬರೆಯಿರಿ.