ಕೇಪಿನ ಕೋವಿ ಪಕ್ಕದಲ್ಲಿ 12 ಬೋರ್ ತೋಟಾ: ಲ್ಯಾಬ್ ವರದಿ ಓದೋದು ಹೇಗೆ?

ಸಾಗರದ ಜೂನಿಯರ್ ವಕೀಲ

ಎಲ್ಲರಿಗೂ ನಮಸ್ಕಾರ. ಹೊಸನಗರ ಕಡೆಯ ರೈತರೊಬ್ಬರ ಕೇಸು ನಮ್ಮ ಸೀನಿಯರ್ ಹತ್ರ ಬಂದಿದೆ. ಮನೆ ಅಟ್ಟದ ಮೇಲಿಂದ ಒಂದು ಕೇಪಿನ ಕೋವಿ (ಕೇಪು ಅಂದ್ರೆ ಹೊಡೆತಕ್ಕೆ ಕಿಡಿ ಕೊಡೋ ಪುಟ್ಟ ಲೋಹದ ಟೋಪಿ), ಪಕ್ಕದ ಡಬ್ಬದಲ್ಲಿ ಮೂರು 12 ಬೋರ್ ತೋಟಾ, ಜೊತೆಗೊಂದು ಖಾಲಿ ತೋಟಾ ಜಪ್ತಿ ಆಗಿದೆ. ಲೈಸೆನ್ಸ್ ಇಲ್ಲ. ಲ್ಯಾಬ್ ವರದಿಯಲ್ಲಿ ಕೋವಿಗೆ "ಒಂಟಿ ನಳಿಗೆ, ಬಾಯಿಂದ ತುಂಬುವ ನಾಡಬಂದೂಕು, ಕೆಲಸ ಮಾಡುವ ಸ್ಥಿತಿಯಲ್ಲಿದೆ" ಅಂತಲೂ, ತೋಟಾಗಳಿಗೆ "12 ಬೋರ್, ಸಜೀವ" (ಹೊಡೆದ್ರೆ ಹಾರುವಂಥದ್ದು) ಅಂತಲೂ ಬರೆದಿದ್ದಾರೆ. ಚಾರ್ಜ್‌ಶೀಟಿನಲ್ಲಿ ನೋಡಿದ್ರೆ "ಸದರಿ ಕೋವಿಯಿಂದ ಸದರಿ ತೋಟಾವನ್ನು ಹಾರಿಸಿ" ಅಂತಿದೆ!

ನಳಿಗೆಯ ಬಾಯಿಂದ ಮದ್ದು ಜಡಿಯೋ ಕೋವಿಗೆ ತೋಟಾ ಎಲ್ಲಿಂದ ಹಾಕೋದು? ಇನ್ನೊಂದು, ಕೋವಿ ಅಜ್ಜನ ಕಾಲದ್ದು, ತುಕ್ಕು ಹಿಡಿದು ಹೋಗಿದೆ ಅಂತಾರೆ ಕಕ್ಷಿದಾರರು. "ಇದು ಕೋವಿಯೇ ಅಲ್ಲ" ಅಂತ ವಾದ ಮಾಡಬಹುದಾ?

ಅಡಿಕೆ ತೋಟ, ರಿಪ್ಪನ್‌ಪೇಟೆ

ಮಾರಾಯ್ರೇ, ಲೈಸೆನ್ಸ್ ಇದ್ದೋರ ಪಾಡೇ ಕೇಳೋ ಹಾಗಿಲ್ಲ. ಚುನಾವಣೆ ಬಂತು ಅಂದ್ರೆ ಕೋವಿ ಹೊತ್ಕೊಂಡು ಹೋಗಿ ಠಾಣೆಗೆ ಕೊಡಬೇಕು. ಅಷ್ಟರಲ್ಲಿ ಹಂದಿ ಗದ್ದೆ ಮುಗಿಸಿರುತ್ತೆ. ಕೊಡಗಿನೋರಿಗಿರೋ ಲೈಸೆನ್ಸ್ ವಿನಾಯ್ತಿ ನಮಗೆ ಯಾಕಿಲ್ಲ ಅಂತ ಯಾರಾದ್ರೂ ಹೇಳಿ.

ನಿವೃತ್ತ, ಈಗ ತೀರ್ಥಹಳ್ಳಿ

ವಕೀಲರೇ, ಕೋವಿ-ಗುಂಡಿನ ಪರೀಕ್ಷೆ ಮಾಡ್ತಾನೇ ತಲೆ ಹಣ್ಣಾದವನು ನಾನು. ನಿಮ್ಮ ವರದಿಯಲ್ಲಿ ತಪ್ಪೇನೂ ಕಾಣಲಿಲ್ಲ. ಕೋವಿ ಬಗ್ಗೆ ಒಂದು ಮಾತು ಹೇಳಿದೆ, ತೋಟಾ ಬಗ್ಗೆ ಒಂದು ಮಾತು ಹೇಳಿದೆ. ಎರಡಕ್ಕೂ ಗಂಟು ಹಾಕಿದ್ದು ಚಾರ್ಜ್‌ಶೀಟ್ ಬರೆದವರು. ಒಂದೇ ಕೊಟ್ಟಿಗೇಲಿ ಕಟ್ಟಿದ ಮಾತ್ರಕ್ಕೆ ಕರು ಅದೇ ಎಮ್ಮೇದು ಅನ್ನೋಕಾಗುತ್ತಾ?

ಕೋವಿ ಮೇಜಿಗೆ ಬಂದಾಗ ನಾವು ನೋಡೋದು ಇಷ್ಟು. ನಳಿಗೆ ಒಳಗೆ ನುಣುಪೋ, ಸುರುಳಿ ಗೀರು ಇದೆಯೋ. ತುಂಬೋದು ಬಾಯಿಂದಲೋ ಹಿಂದಿನಿಂದಲೋ. ಬೆಂಕಿ ಹತ್ತೋದು ಕೇಪಿನಿಂದಲೋ, ತೋಟಾದ ಬುಡಕ್ಕೆ ಪಿನ್ ಬಡಿದೋ. ಕಂಪನಿ ಹೆಸರು, ನಂಬರು, ನಳಿಗೆ ಪರೀಕ್ಷೆ ಆದದ್ದಕ್ಕೆ ಒತ್ತುವ ಮುದ್ರೆ, ಇವೆಲ್ಲ ಇದೆಯೋ ಇಲ್ಲವೋ. ಮುದ್ರೆ, ನಂಬರು ಯಾವುದೂ ಇಲ್ಲದಿದ್ರೆ "ನಾಡ" ಅಂತ ಬರೀತೀವಿ. ಅಷ್ಟಕ್ಕೇ ಅದು ಕಳ್ಳಕೋವಿ ಅಂತಲ್ಲ. ಲೈಸೆನ್ಸ್ ಪುಸ್ತಕದಲ್ಲಿ ಎಸ್‌ಬಿಎಂಎಲ್ (ಒಂಟಿ ನಳಿಗೆ, ಬಾಯಿಂದ ತುಂಬುವಂಥದ್ದು) ಅಂತ ನಮೂದಾದ ಹಳೇ ಕೋವಿಗಳಲ್ಲೂ ಎಷ್ಟೋಕ್ಕೆ ಕಂಪನಿ ಗುರುತು ಇರಲ್ಲ.

ಬೋರ್ ವಿಷ್ಯ. ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಸಮ ಗುಂಡು ಮಾಡಿದ್ರೆ ಒಂದೊಂದರ ಅಗಲ ಎಷ್ಟೋ ಅದು 12 ಬೋರ್, ಸುಮಾರು 18.5 ಮಿ.ಮೀ. ಕಮ್ಮಾರನ ನಳಿಗೆ ಈ ಲೆಕ್ಕಕ್ಕೆ ಬಗ್ಗಲ್ಲ. ಬಾಯಿ ಹತ್ರ ಒಂದು ಅಳತೆ, ಬುಡದ ಹತ್ರ ಇನ್ನೊಂದು. ಹಾಗಾಗಿ ಅಂಥದ್ದಕ್ಕೆ ಮಿ.ಮೀ. ಅಳತೆ ಕೊಡೋದೇ ಸರಿ.

ನಿಮ್ಮ ಕೇಸಿನ ಜೀವ ಇರೋದು ಆ ಖಾಲಿ ತೋಟಾದಲ್ಲಿ. ಕೇಪಿನ ಕೋವಿಗೆ ಪಿನ್ನೇ ಇಲ್ಲ, ಕುದುರೆ (ಬಡಿಯೋ ಸುತ್ತಿಗೆಯಂಥ ಭಾಗ) ನೇರ ಹೋಗಿ ಕೇಪಿನ ಮೇಲೆ ಬೀಳುತ್ತೆ. ನಳಿಗೆಯ ಹಿಂಬದಿ ಮುಚ್ಚಿರುತ್ತೆ. ಖಾಲಿ ತೋಟಾದ ಬುಡದಲ್ಲಿ ಪಿನ್ ಬಡಿದ ಕುಳಿ ಇದ್ರೆ, ಅದನ್ನ ಹೊಡೆದಿದ್ದು ಬೇರೆ ಕೋವಿ.

ಅಳತೆ ಹೊಂದದ ಕೋವಿಯಿಂದ ಹೊಡೆದ ತೋಟಾ ನಾನು ಬೇಕಾದಷ್ಟು ನೋಡಿದ್ದೇನೆ. ಹಿತ್ತಾಳೆ ಬುಡ ಒಂದೇ ಮಗ್ಗುಲಿಗೆ ಉಬ್ಬಿರುತ್ತೆ, ಪಕ್ಕ ಉದ್ದಕ್ಕೆ ಸೀಳಿರುತ್ತೆ, ಹೊರಮೈಮೇಲೆ ಹೊಗೆ ಹಿಂದಕ್ಕೆ ನುಗ್ಗಿದ ಮಸಿ, ಪಿನ್ನಿನ ಕುಳಿ ನಡುವೆ ಬಿಟ್ಟು ಅಂಚಿಗೆ ಸರಿದಿರುತ್ತೆ. ಗುಂಡು ಒಂಟಿಯಾದ್ರೆ, ನಳಿಗೆಗಿಂತ ಸಣ್ಣದಾದ್ರೆ, ನಳಿಗೆಯ ಗೀರು ಅದರ ಮೇಲೆ ಸರಿಯಾಗಿ ಮೂಡಲ್ಲ. ಓಲಾಡ್ತಾ ಹೋಗಿ ಅಡ್ಡಡ್ಡ ಬೀಳುತ್ತೆ, ಗಾಯ ದುಂಡಗಿರೋ ಬದಲು ಉದ್ದಕ್ಕಿರುತ್ತೆ. ಚರೆಯ (ತೋಟಾದೊಳಗಿನ ಸಣ್ಣ ಗುಂಡುಗಳ) ಮೇಲಂತೂ ನುಣುಪು ನಳಿಗೆಯ ಗುರುತು ಸಿಗೋದೇ ಇಲ್ಲ ಅನ್ನಿ. ತೋಟಾದ ಬುಡವೇ ಗತಿ.

ನಾಡ ಅಂದ್ರೆ ಗುರುತು ಸಿಗಲ್ಲ ಅಂತ ತಿಳೀಬೇಡಿ. ಅರ ಹಾಕಿದ ಒರಟು ಗೀರುಗಳೇ ತೋಟಾದ ಬುಡಕ್ಕೆ ಅಚ್ಚೊತ್ತಿರುತ್ತೆ. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನ, 2017ರಲ್ಲಿ ಬೆಂಗಳೂರಲ್ಲಿ ಗೌರಿ ಲಂಕೇಶರನ್ನ ಕೊಂದದ್ದು ಒಂದೇ 7.65 ಮಿ.ಮೀ. ನಾಡಪಿಸ್ತೂಲು ಅಂತ ನಮ್ಮ ರಾಜ್ಯದ ಲ್ಯಾಬ್ ಹೇಳಿದ್ದು ಗುಂಡು, ಖಾಲಿ ತೋಟಾ ಹೋಲಿಸಿಯೇ.

ಬಾಯಿಂದ ತುಂಬೋ ಕೋವಿಯಲ್ಲಿ ತೋಟಾ ಇರಲ್ಲವಲ್ಲ, ಅಲ್ಲಿ ನಾವು ಹುಡುಕೋದು ಮದ್ದಿನ ಮೇಲೆ ಜಡಿದ ಬಟ್ಟೆ, ಕಾಗದ, ನಾರಿನ ಚೂರು. 1784ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರಲ್ಲಿ ಜಾನ್ ಟಾಮ್ಸ್ ಎಂಬವನಿಗೆ ಶಿಕ್ಷೆ ಆಗಿದ್ದು ಇದರಿಂದಲೇ. ಗಾಯದಲ್ಲಿ ಸಿಕ್ಕ ಕಾಗದ ಅವನ ಜೇಬಿನಲ್ಲಿದ್ದ ಹರಿದ ಹಾಳೆಗೆ ಸರಿಯಾಗಿ ಕೂತಿತ್ತು. ಮೈಕ್ರೋಸ್ಕೋಪೂ ಬೇಕಾಗಲಿಲ್ಲ, ನೋಡಿ!

ತುಕ್ಕಿನ ವಾದ ಬಿಟ್ಟುಬಿಡಿ. ಆಯುಧ ಕಾಯ್ದೆಯ 45(ಸಿ)ಯಲ್ಲಿ ಹಳೇ ಮಾದರಿಯ, ಕೆಟ್ಟುಹೋದ ಕೋವಿಗೆ ವಿನಾಯ್ತಿ ಇರೋದು ನಿಜ. ಆದ್ರೆ ರಿಪೇರಿ ಮಾಡಿದ್ರೂ ಕೆಲಸಕ್ಕೆ ಬಾರದ ಹಾಗಿರಬೇಕು. ನಿಮ್ಮ ವರದಿ "ಕೆಲಸ ಮಾಡುತ್ತೆ" ಅಂತಿದೆ. ಹೊಡೆದು ನೋಡಿ ಬರೆದರಾ, ಕುದುರೆ ಎಳೆದು ನೋಡಿ ಬರೆದರಾ ಅಂತ ಕೇಳಿ. ನಾವಂತೂ ನಾಡಕೋವಿ ಕೈಯಲ್ಲಿ ಹಿಡಿದು ಹೊಡೆದವರಲ್ಲ. ಚೌಕಟ್ಟಿಗೆ ಬಿಗಿದು, ದೂರ ನಿಂತು ಹಗ್ಗ ಎಳೆಯೋದು.

ಸಾಗರದ ಜೂನಿಯರ್ ವಕೀಲ

ಸರ್, ತುಂಬಾ ಉಪಕಾರ ಆಯ್ತು. ಠಾಣೆಯಿಂದ ಲ್ಯಾಬಿಗೆ ಹೋದ ಪತ್ರ ತೆಗೆದು ನೋಡಿದೆ. ಕೇಳಿರೋದು ಎರಡೇ: ಇದು ಕೋವಿಯೇ? ತೋಟಾ ಸಜೀವವೇ? ಖಾಲಿ ತೋಟಾ ಬಗ್ಗೆ ಸುದ್ದಿಯೇ ಇಲ್ಲ.

ನಿವೃತ್ತ, ಈಗ ತೀರ್ಥಹಳ್ಳಿ

ಅಲ್ಲೇ ಇದೆ ನೋಡಿ. ಕೇಳಿದ್ದಕ್ಕಷ್ಟೇ ಲ್ಯಾಬ್ ಉತ್ತರ ಕೊಡೋದು. ಎಷ್ಟೋ ಠಾಣೆಗಳಲ್ಲಿ ಹಳೇ ಪತ್ರ ಇಟ್ಕೊಂಡು ನಂಬರ್ ಬದಲಾಯಿಸಿ ಕಳಿಸ್ತಾರೆ, ನನಗೆ ಇದು ಕೊನೇವರೆಗೂ ತಲೆನೋವಾಗಿತ್ತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 329ನೇ ಕಲಂನಲ್ಲಿ ವರದಿ ಬರೆದವರನ್ನ ಕರೆಸೋಕೆ ಅರ್ಜಿ ಹಾಕಿ. ಖಾಲಿ ತೋಟಾದ ಕುಳಿ ಈ ಕೋವಿಯಿಂದ ಬೀಳೋಕೆ ಸಾಧ್ಯವಾ ಅಂತ ನೇರ ಕೇಳಿ.

ಹಿರಿಯ ವಕೀಲ, ಶಿವಮೊಗ್ಗ

ಹಾಗಂತ ಕಕ್ಷಿದಾರರಿಗೆ ಬಿಡುಗಡೆ ಗ್ಯಾರಂಟಿ ಅಂತ ಹೇಳಿಬಿಡಬೇಡ ಮಾರಾಯ. ಹೊಡೆದ ಆರೋಪಕ್ಕೆ ಆಯುಧ ಕಾಯ್ದೆಯ 27ನೇ ಕಲಂ ಹಾಕಿರ್ತಾರೆ, ಮೂರರಿಂದ ಏಳು ವರ್ಷ. ಕೋವಿಗೂ ತೋಟಾಕ್ಕೂ ಸಂಬಂಧ ಇಲ್ಲ ಅಂತಾದ್ರೆ ಅದು ಸಡಿಲ ಆಗುತ್ತೆ. 25(1ಬಿ)(ಎ) ಹೋಗಲ್ಲ. ಲೈಸೆನ್ಸ್ ಇಲ್ಲದೆ ಬರೀ ತೋಟಾ ಇಟ್ಕೊಂಡ್ರೂ ಅಪರಾಧವೇ, 2019ರ ತಿದ್ದುಪಡಿ ಆದ ಮೇಲೆ ಎರಡರಿಂದ ಐದು ವರ್ಷ. 39ರ ಪ್ರಕಾರ ಕೇಸು ನಡೆಸೋಕೆ ಜಿಲ್ಲಾ ದಂಡಾಧಿಕಾರಿಗಳ ಮಂಜೂರಾತಿ ಫೈಲಲ್ಲಿ ಇದೆಯಾ, ಮೊದಲು ಅದನ್ನ ನೋಡು.

ಅಡಿಕೆ ತೋಟ, ರಿಪ್ಪನ್‌ಪೇಟೆ

ಇದನ್ನೆಲ್ಲ ಓದಿ ಹೆದರಿಕೆ ಆಯ್ತು. ಅಪ್ಪ ತೀರಿಕೊಂಡು ಎರಡು ತಿಂಗಳು. ಅವರ ಹೆಸರಿನ ಕೋವಿ ಮನೇಲೇ ಇದೆ. ಏನು ಮಾಡ್ಲಿ?

ಹಿರಿಯ ವಕೀಲ, ಶಿವಮೊಗ್ಗ

ತಡ ಮಾಡದೆ ತೋಟಾ ಸಮೇತ ಠಾಣೆಗೋ ಲೈಸೆನ್ಸ್ ಇರೋ ಕೋವಿ ಅಂಗಡಿಗೋ ಒಪ್ಪಿಸಿ ರಸೀದಿ ತಗೊಳ್ಳಿ, ಅದು 21ನೇ ಕಲಂ. ನಿಮ್ಮ ಹೆಸರಿಗೆ ಅರ್ಜಿ ಹಾಕೋದು ಆಮೇಲೆ.