ಅಕ್ಕನ ಶಾಪಿಂಗ್ ನಿಲ್ಲುತ್ತಿಲ್ಲ, ಇದಕ್ಕೆ ಚಿಕಿತ್ಸೆ ಇದೆಯಾ? ಅನುಭವ ಇದ್ದವರು ಹೇಳಿ

ಕೇಳಿದವರು, ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕ ಹೈಸ್ಕೂಲ್ ಟೀಚರ್. ಎರಡು ಮೂರು ವರ್ಷದಿಂದ ಆನ್‌ಲೈನ್‌ನಲ್ಲಿ ಕೊಳ್ಳುವುದು ವಿಪರೀತ ಆಗಿದೆ. ದಿವಾನದ ಕೆಳಗೆ ಬಿಚ್ಚದ ಪಾರ್ಸಲ್‌ಗಳಿವೆ. ಒಂದೇ ಬಣ್ಣದ ಕುರ್ತಿ ನಾಲ್ಕು, ಟ್ಯಾಗ್ ಕೂಡ ಕಿತ್ತಿಲ್ಲ. ಭಾವನಿಗೆ ಗೊತ್ತಾಗಬಾರದು ಅಂತ ಡೆಲಿವರಿ ಹುಡುಗನಿಗೆ ಪಕ್ಕದ ಮನೆಯಲ್ಲಿ ಕೊಟ್ಟು ಹೋಗು ಎನ್ನುತ್ತಾಳೆ. ಎರಡು ಕ್ರೆಡಿಟ್ ಕಾರ್ಡ್ ಲಿಮಿಟ್ ಮುಟ್ಟಿವೆ. ಬಳೆ ಅಡ ಇಟ್ಟಿರುವುದು ಮೊನ್ನೆ ಗೊತ್ತಾಯಿತು. "ಈ ಸಲ ಸಾಲ ನಾನು ತೀರಿಸ್ತೀನಿ, ಅಲ್ಲಿಗೆ ಮುಗೀತು" ಎನ್ನುತ್ತಾರೆ ಭಾವ. "ಅವಳಿಗೆ ದುಡ್ಡಿನ ಬೆಲೆ ಗೊತ್ತಿಲ್ಲ" ಎನ್ನುತ್ತಾರೆ ಅಮ್ಮ. ನನಗೆ ಹಾಗನ್ನಿಸುವುದಿಲ್ಲ. ಇದು ಕಾಯಿಲೆಯಾ? ಯಾರ ಹತ್ತಿರ ಕರೆದುಕೊಂಡು ಹೋಗಬೇಕು?

ಮೈಸೂರಿನಿಂದ

ನಿಮ್ಮ ಅಕ್ಕನಿಗೆ ದುಡ್ಡಿನ ಬೆಲೆ ಚೆನ್ನಾಗಿಯೇ ಗೊತ್ತು. ಗೊತ್ತಿರುವುದರಿಂದಲೇ ಮುಚ್ಚಿಡುತ್ತಿದ್ದಾರೆ. ನಾನೂ ಇದಕ್ಕೆ ಚಿಕಿತ್ಸೆ ತೆಗೆದುಕೊಂಡವಳು, ಹಾಗಾಗಿ ಒಳಗಿನಿಂದ ಹೇಗಿರುತ್ತದೆ ಅಂತ ಬರೆಯುತ್ತೇನೆ.

ಸಂಜೆ ಮನೆಗೆ ಬಂದಾಗ ಮನಸ್ಸು ಒಂಥರಾ ಬಿಗಿದುಕೊಂಡಿರುತ್ತಿತ್ತು. ಫೋನ್ ಹಿಡಿದು ಸೀರೆ ನೋಡುತ್ತಾ ಹೋದ ಹಾಗೆ ಅದು ಸಡಿಲ ಆಗುತ್ತಿತ್ತು. ಆರ್ಡರ್ ಒತ್ತಿದ ತಕ್ಷಣ ಹಗುರ. ಸ್ವಲ್ಪ ಹೊತ್ತಿಗೇ ಹೊಟ್ಟೆಯೊಳಗೆ ಸಂಕಟ ಶುರು. ಪಾರ್ಸಲ್ ಬರುವಷ್ಟರಲ್ಲಿ ಆ ಡಬ್ಬ ಕಂಡರೇ ಭಯ. ಅದಕ್ಕೇ ಬಿಚ್ಚಲು ಮನಸ್ಸು ಬರುವುದಿಲ್ಲ. ಮನೆಯವರಿಗೆ ಇದು ಸೊಕ್ಕಿನ ಹಾಗೆ ಕಾಣುತ್ತದೆ. ಅವರು ಬೈದಷ್ಟೂ ನಾಚಿಕೆ ಜಾಸ್ತಿ, ನಾಚಿಕೆ ಜಾಸ್ತಿ ಆದಷ್ಟೂ ಮತ್ತೆ ಫೋನ್.

ಮನಃಶಾಸ್ತ್ರಜ್ಞೆ ಮೊದಲು ನನ್ನ ಕೈಗೆ ಒಂದು ನೋಟ್‌ಬುಕ್ ಕೊಟ್ಟರು. ಆಸೆ ಬಂದಾಗಲೆಲ್ಲ ಬರೆಯಬೇಕು: ಎಷ್ಟು ಗಂಟೆ, ಎಲ್ಲಿದ್ದೆ, ಅದಕ್ಕೆ ಮುಂಚೆ ಏನಾಯಿತು, ಮನಸ್ಸು ಹೇಗಿತ್ತು, ಕೊಂಡೆನಾ ಇಲ್ಲವಾ, ಎಷ್ಟು ದುಡ್ಡು. ಸ್ವಲ್ಪ ದಿನದಲ್ಲೇ ಒಂದು ವಿಷಯ ಎದ್ದು ಕಂಡಿತು. ಹೆಚ್ಚಿನವು ರಾತ್ರಿ ಹತ್ತರ ಮೇಲಿನವು, ಅದೂ ಮನೆಯಲ್ಲಿ ಮಾತಿಗೆ ಮಾತು ಬೆಳೆದ ದಿನಗಳವು. ಅಲ್ಲಿಂದ ಕೆಲಸ ಶುರುವಾಯಿತು. ಆ್ಯಪ್‌ನಲ್ಲಿ ಸೇವ್ ಆಗಿದ್ದ ಕಾರ್ಡ್ ನಂಬರ್ ತೆಗೆಸಿದರು, ನೋಟಿಫಿಕೇಶನ್ ಬಂದ್. ಬೇಕೆನಿಸಿದ್ದನ್ನು ಕಾರ್ಟ್‌ನಲ್ಲಿ ಹಾಕಿ ಒಂದು ದಿನ ಬಿಡಬೇಕು. ಆಸೆ ಜೋರಾಗಿ ಏರಿದಾಗ ಕೊಳ್ಳದೆ ಸುಮ್ನೆ ಕೂತರೆ ಅದು ತಾನಾಗಿಯೇ ಇಳಿಯುತ್ತದೆ ಅಂತ ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಪರ್ಸ್ ಇಲ್ಲದೆ ತಂಗಿ ಜೊತೆ ಸೀರೆ ಅಂಗಡಿಗೆ ಕಳಿಸಿದರು. ನೋಡುವುದು, ಸೆರಗು ಮುಟ್ಟುವುದು, ವಾಪಸ್ ಬರುವುದು. ಎದೆ ಹೊಡೆದುಕೊಳ್ಳುತ್ತಿತ್ತು, ಆದರೂ ಬಂದೆ.

ಈಗಲೂ ದಸರಾ ಸೇಲ್ ಬಂತೆಂದರೆ ಮೊದಲೇ ಪಟ್ಟಿ ಬರೆದು ಯಜಮಾನರಿಗೆ ತೋರಿಸುತ್ತೇನೆ.

ಶಿವಮೊಗ್ಗದಿಂದ

ಒಂದು ಪ್ರಶ್ನೆ ಮೊದಲು ಕೇಳಬೇಕು. ನಿಮ್ಮ ಅಕ್ಕ ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ?

ನಮ್ಮ ತಂದೆಗೆ ಪಾರ್ಕಿನ್ಸನ್. ಜೀವನವಿಡೀ ಲೆಕ್ಕ ಬರೆದಿಟ್ಟು ಖರ್ಚು ಮಾಡಿದವರು. ಪ್ರಮಿಪೆಕ್ಸಾಲ್ ಡೋಸ್ ಏರಿಸಿದ ಕೆಲವು ತಿಂಗಳಲ್ಲಿ ಟಾರ್ಚ್, ವಾಚ್, ಡ್ರಿಲ್ಲಿಂಗ್ ಮಷಿನ್ ಅಂತ ತರಿಸಲು ಶುರು ಮಾಡಿದರು. ನಾವು ವಯಸ್ಸಿನ ಹಠ ಅಂದುಕೊಂಡಿದ್ದೆವು. ನರರೋಗ ತಜ್ಞರಿಗೆ ಹೇಳಿದ ಕೂಡಲೇ ಅವರು ಔಷಧಿಯತ್ತ ನೋಡಿದರು. ಪ್ರಮಿಪೆಕ್ಸಾಲ್, ರೋಪಿನಿರಾಲ್ ಥರದ, ಮಿದುಳಿನ ಡೋಪಮೈನ್ ಎಂಬ ರಾಸಾಯನಿಕದ ಹಾಗೆ ಕೆಲಸ ಮಾಡುವ ಔಷಧಿಗಳಿಂದ ಕೆಲವರಿಗೆ ಹೀಗಾಗುತ್ತದಂತೆ. 3 ಸಾವಿರಕ್ಕೂ ಹೆಚ್ಚು ಪಾರ್ಕಿನ್ಸನ್ ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 5.7ರಷ್ಟು ಜನರಲ್ಲಿ ಈ ಕೊಳ್ಳುವ ಗೀಳು ಕಂಡಿತ್ತು. ಮನೋರೋಗಗಳಿಗೆ ಕೊಡುವ ಅರಿಪಿಪ್ರಜೋಲ್ ಬಗ್ಗೆಯೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಇಂಥದೇ ಎಚ್ಚರಿಕೆ ಕೊಟ್ಟಿದೆ. ಡೋಸ್ ನಿಧಾನವಾಗಿ ಇಳಿಸಿದ ಮೇಲೆ ತಂದೆ ಮೊದಲಿನ ಹಾಗಾದರು. ಆದರೆ ದಯವಿಟ್ಟು ನೀವೇ ಮಾತ್ರೆ ನಿಲ್ಲಿಸಬೇಡಿ. ಒಮ್ಮೆಲೇ ನಿಲ್ಲಿಸಿದರೆ ಬೇರೆ ತೊಂದರೆ ಆಗುತ್ತದೆ.

ಹುಬ್ಬಳ್ಳಿಯಿಂದ

ನನ್ನ ತಮ್ಮನದು ಬೈಪೋಲಾರ್, ಮನಸ್ಸು ಕೆಲವು ದಿನ ಅತಿಯಾಗಿ ಉಬ್ಬಿ, ಕೆಲವು ದಿನ ಕುಗ್ಗಿಹೋಗುವ ಕಾಯಿಲೆ. ಉಬ್ಬಿದಾಗ ನಿದ್ದೆ ಇಲ್ಲ, ಆದರೂ ಸುಸ್ತಿಲ್ಲ, ಮಾತು ನಿಲ್ಲುವುದಿಲ್ಲ. ಅದರ ಜೊತೆಗೇ ಒಂದೇ ವಾರದಲ್ಲಿ ಬೈಕು, ಲ್ಯಾಪ್‌ಟಾಪ್. ಅವನಿಗೆ ಆಗ ನಾಚಿಕೆಯೂ ಇರಲಿಲ್ಲ, ಮುಚ್ಚಿಡುವುದೂ ಇರಲಿಲ್ಲ. ಇದರ ಚಿಕಿತ್ಸೆಯೇ ಬೇರೆ, ಮೂಡ್ ಹಿಡಿತಕ್ಕೆ ತರುವ ಔಷಧಿ ಬೇಕು. ಅಕ್ಕನಿಗೆ ಹೀಗೆ ನಿದ್ದೆ ಬಿಟ್ಟು ಉಬ್ಬಿದ ದಿನಗಳು ಇದ್ದವಾ ಅಂತ ನೆನಪು ಮಾಡಿಕೊಂಡು ಡಾಕ್ಟರಿಗೆ ಹೇಳಿ.

ಧಾರವಾಡದಿಂದ, ಆಪ್ತ ಸಮಾಲೋಚಕಿ

ಈ ಕೊಳ್ಳುವ ಗೀಳು ಮೊಬೈಲ್ ಕಾಲದ ಹೊಸ ಕಾಯಿಲೆ ಏನಲ್ಲ. ಜರ್ಮನಿಯ ಮನೋವೈದ್ಯ ಎಮಿಲ್ ಕ್ರೇಪೆಲಿನ್ 1915ರ ಹೊತ್ತಿಗೇ ಇದನ್ನು ದಾಖಲಿಸಿದ್ದರು. ಅಮೆರಿಕದ ಮನೋರೋಗಗಳ ಕೈಪಿಡಿ ಡಿಎಸ್‌ಎಂ-5ರಲ್ಲಿ ಇದಕ್ಕೆ ಪ್ರತ್ಯೇಕ ಜಾಗ ಸಿಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 ಮಾತ್ರ ಇದನ್ನು ಆವೇಗ ನಿಯಂತ್ರಣದ ತೊಂದರೆಗಳ ಗುಂಪಿನಲ್ಲಿ ಹೆಸರಿಸುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2016ರಲ್ಲಿ ಲೆಕ್ಕ ಹಾಕಿದಾಗ ನೂರು ವಯಸ್ಕರಲ್ಲಿ ಸುಮಾರು ಐವರಿಗೆ ಇದು ಇರಬಹುದು ಅಂತ ಬಂತು. ಸಂಬಳಕ್ಕಿಂತ ಸ್ವಲ್ಪ ಹೆಚ್ಚು ಖರ್ಚು ಮಾಡುವವರೆಲ್ಲ ಇದರಲ್ಲಿ ಬರುವುದಿಲ್ಲ. ತಡೆಯಲಾಗದ ತುಡಿತ, ಸಾಲ, ಸುಳ್ಳು, ಸಂಸಾರದಲ್ಲಿ ಬಿರುಕು, ಇಷ್ಟಾದರೂ ನಿಲ್ಲಿಸಲಾಗದಿರುವುದು: ಇವನ್ನು ನೋಡುತ್ತೇವೆ.

ಮಾತ್ರೆ ಬಗ್ಗೆ ಬಹಳ ಜನ ಕೇಳುತ್ತಾರೆ. ಇದಕ್ಕೆಂದೇ ಒಪ್ಪಿಗೆ ಸಿಕ್ಕ ಔಷಧಿ ಇಲ್ಲ. ಖಿನ್ನತೆಯ ಔಷಧಿ ಫ್ಲೂವಾಕ್ಸಮೈನ್ ಕೊಟ್ಟು ನೋಡಿದ ಪರೀಕ್ಷೆಗಳಲ್ಲಿ ಔಷಧಿಯಿಲ್ಲದ ಮಾತ್ರೆ ತಿಂದವರೂ ಅಷ್ಟೇ ಸುಧಾರಿಸಿದರು. ಆದರೆ ಇವರಲ್ಲಿ ಬಹಳ ಜನಕ್ಕೆ ಖಿನ್ನತೆ, ಆತಂಕ ಜೊತೆಗೇ ಇರುತ್ತದೆ. ಅದಕ್ಕೆ ಮನೋವೈದ್ಯರು ಮಾತ್ರೆ ಬರೆದರೆ ಬೇಡ ಅನ್ನಬೇಡಿ. ಗೀಳಿನ ಚಿಕಿತ್ಸೆಗಳಲ್ಲಿ ಹೆಚ್ಚು ಆಧಾರ ಇರುವುದು ಸಿಬಿಟಿಗೆ, ಅಂದರೆ ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆಗೆ. ಮೈಸೂರಿನವರು ಬರೆದಿರುವುದು ಅದನ್ನೇ. ಅಮೆರಿಕ, ಜರ್ಮನಿಯಲ್ಲಿ ಗುಂಪಿನಲ್ಲಿ ಕೂರಿಸಿ, ಹೆಚ್ಚುಕಡಿಮೆ 12 ವಾರ ನಡೆಸಿ ಫಲ ಕಂಡಿದ್ದಾರೆ.

ಎಲ್ಲಿಗೆ ಹೋಗುವುದು? 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರಿಂದ ನಡೆಯುತ್ತಿದೆ, ದಿನದ 24 ಗಂಟೆ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಜಿಲ್ಲಾಸ್ಪತ್ರೆಯ ಮನೋವೈದ್ಯರು ಸಾಕು, ಬೆಂಗಳೂರಿಗೇ ಓಡಬೇಕಿಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯ ಕ್ಲಿನಿಕ್ ನಡೆಸುವ ವ್ಯವಸ್ಥೆಯಿದೆ. ಫೋನೇ ಮುಖ್ಯ ಸಮಸ್ಯೆ ಎನಿಸಿದರೆ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ.

ಒಂದು ಮಾತು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಸಾಲ ಬಯಲಾದ ದಿನಗಳು ತುಂಬಾ ಸೂಕ್ಷ್ಮ. "ನಾನಿದ್ದು ಏನು ಪ್ರಯೋಜನ" ಎನ್ನುವ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ವೈದ್ಯರಿಗೆ ತೋರಿಸಿ.

ತುಮಕೂರಿನಿಂದ, ಬ್ಯಾಂಕಿನಿಂದ ನಿವೃತ್ತ

ನೋಡಮ್ಮ, ನಿಮ್ಮ ಭಾವನ ಮನಸ್ಸು ಒಳ್ಳೆಯದು. ಆದರೆ ಚಿಕಿತ್ಸೆ ಶುರುವಾಗದೆ ಸಾಲ ಮಾತ್ರ ತೀರಿಸಿದರೆ ಆಗುವುದು ಒಂದೇ, ಕಾರ್ಡಿನ ಪೂರ್ತಿ ಲಿಮಿಟ್ ಮತ್ತೆ ಖರ್ಚಿಗೆ ಸಿಗುತ್ತದೆ. ಒಂದೇ ಮನೆಯವರು ಮೂರನೇ ಸಲ ಬಂದು ತೀರಿಸಿದ್ದನ್ನು ಕೌಂಟರ್‌ನ ಈಚೆ ಕೂತು ನೋಡಿದ್ದೇನೆ.

ಹಾಗಂತ ಬಾಕಿ ಹಾಗೇ ಬಿಡಬೇಡಿ. ಅನೇಕ ಕಾರ್ಡುಗಳಲ್ಲಿ ಬಡ್ಡಿ ತಿಂಗಳಿಗೆ ಶೇ. 3.5ರ ಆಸುಪಾಸು, ಅಂದರೆ ವರ್ಷಕ್ಕೆ ಶೇ. 42. ಮಿನಿಮಮ್ ಡ್ಯೂ ಮಾತ್ರ ಕಟ್ಟುತ್ತಿದ್ದರೆ ಹೊಸದಾಗಿ ಕೊಂಡಿದ್ದಕ್ಕೂ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಅಕ್ಕನ ಒಪ್ಪಿಗೆ ತೆಗೆದುಕೊಂಡು ಬಾಕಿಯನ್ನು ಕಡಿಮೆ ಬಡ್ಡಿಯ ಸಾಲಕ್ಕೆ ಬದಲಿಸಿ, ಒಂದು ಕಾರ್ಡ್ ಮುಚ್ಚಿಸಿ. ಇನ್ನೊಂದರಲ್ಲಿ ಆನ್‌ಲೈನ್ ಬಳಕೆಯನ್ನೇ ಆಫ್ ಮಾಡಿ. ಆರ್‌ಬಿಐ ನಿಯಮದಂತೆ 2020ರ ಅಕ್ಟೋಬರ್‌ನಿಂದ ಎಲ್ಲ ಬ್ಯಾಂಕುಗಳೂ ಈ ಆನ್-ಆಫ್ ಸೌಲಭ್ಯ, ಲಿಮಿಟ್ ಇಳಿಸುವ ಸೌಲಭ್ಯ ಕೊಡಲೇಬೇಕು. "ಈಗ ಕೊಳ್ಳಿ, ಆಮೇಲೆ ಕೊಡಿ" ಎನ್ನುವ ಆ್ಯಪ್‌ಗಳೂ ಇರಬಹುದು, ಅವನ್ನೂ ಕೇಳಿ. ಮನೆಖರ್ಚಿನ ದುಡ್ಡು ಮಾತ್ರ ಅಕ್ಕನ ಕೈಯಲ್ಲೇ ಇರಲಿ. ಸಂಬಳ ತರುವವರು ಹತ್ತು ರೂಪಾಯಿಗೂ ಕೈ ಚಾಚುವ ಹಾಗೆ ಮಾಡಬೇಡಿ.

ದಾವಣಗೆರೆಯಿಂದ

ಎಲ್ಲರಿಗೂ ತುಂಬಾ ಧನ್ಯವಾದ. ಅಕ್ಕ ಥೈರಾಯ್ಡ್ ಮಾತ್ರೆ ಬಿಟ್ಟು ಬೇರೇನೂ ತೆಗೆದುಕೊಳ್ಳುತ್ತಿಲ್ಲ. ರಾತ್ರಿ ನಿದ್ದೆ ಕಡಿಮೆ, ಆದರೆ ಬೆಳಿಗ್ಗೆ ಸುಸ್ತಾಗಿರುತ್ತಾಳೆ, ಯಾವಾಗಲೂ ಬೇಜಾರು. ಒಂದೇ ಭಯ: ಮನೋವೈದ್ಯರು ಅಂದ ಕೂಡಲೇ "ನನಗೇನು ಹುಚ್ಚಾ" ಅಂದರೆ?

ಮೈಸೂರಿನಿಂದ

ನನ್ನ ತಂಗಿ ಪಾರ್ಸಲ್ ಮಾತನ್ನೇ ಎತ್ತಲಿಲ್ಲ. "ಅಕ್ಕ, ನೀನು ನಿದ್ದೆ ಮಾಡ್ತಿಲ್ಲ, ಒಬ್ಬಳೇ ಏನೋ ಅನುಭವಿಸ್ತಿದ್ದೀಯ, ನನ್ನ ಜೊತೆ ಒಂದ್ಸಲ ಡಾಕ್ಟರ ಹತ್ತಿರ ಬಾ" ಅಂದಳು. ನಿದ್ದೆಯ ನೆಪದಲ್ಲಿ ಹೋದೆ, ಉಳಿದಿದ್ದನ್ನೆಲ್ಲ ಅಲ್ಲಿ ನಾನೇ ಹೇಳಿದೆ. ನೀವೂ ಹಾಗೇ ಮಾಡಿ. ಭಾವನಿಗೆ ಮೊದಲೇ ಹೇಳಿಟ್ಟಿರಿ, ಅವತ್ತು ಲೆಕ್ಕ ಕೇಳುವುದು ಬೇಡ. ಒಳಗೆ ಡಾಕ್ಟರ ಜೊತೆ ಅಕ್ಕ ಸ್ವಲ್ಪ ಹೊತ್ತು ಒಬ್ಬರೇ ಮಾತಾಡಲಿ, ಹಿಂದಿನ ಡಾಕ್ಟರ ಚೀಟಿಗಳು, ಥೈರಾಯ್ಡ್ ರಿಪೋರ್ಟ್ ಜೊತೆಗಿರಲಿ. ಹೋಗಿ ಬಂದ ಮೇಲೆ ಇಲ್ಲಿ ಬರೆಯಿರಿ, ನಾವು ಇರುತ್ತೇವೆ.